ಮನೆ ಮುಟ್ಟಿದ ಮೇಲೆ ಹೇಳುವ ಮಾತು

ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ದೂರದಲ್ಲಿರುವ ಮಗಳಿಗೆ ಫೋನು ಮಾಡಿ, ಅಪ್ಪನಿಗೆ ಸ್ವಲ್ಪ ಆರಾಮಿಲ್ಲ, ಲಗೂ ಹೊರಟು ಬಾ ಎನ್ನುತ್ತಾರೆ. ಅದರ ಅರ್ಥ ಎಲ್ಲರಿಗೂ ಗೊತ್ತು. ಆದರೂ ಆಕೆ ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊರುತ್ತ ಬರುತ್ತಾಳೆ, ಓಣಿಯ ತಿರುವಿನಲ್ಲಿ ಜನ ಗುಂಪುಗೂಡಿದ್ದು ಕಂಡ ಮೇಲೆಯೇ ಬಾಯಿ ಬಿಟ್ಟು ಅಳುತ್ತಾಳೆ. ದಾರಿಯಲ್ಲಿದ್ದವರ ಎದೆ ಒಡೆಯಬಾರದು ಎನ್ನುವುದು ಇದರ ನ್ಯಾಯ. ನನಗೆ ಈ ಪದ್ಧತಿ ಎಂದೂ ಹಿಡಿಸಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಷ್ಟೋ ಜನರ ನಿಷ್ಠುರ ಕಟ್ಟಿಕೊಂಡಿದ್ದೇನೆ. ನನ್ನ ಹೆಸರು ಗೋದಾಬಾಯಿ. ಅಜ್ಜಿಯ ಹೆಸರನ್ನೇ ನನಗಿಟ್ಟರು, ಆ ಸಿಟ್ಟೂ ನನಗಿನ್ನೂ ಇಳಿದಿಲ್ಲ.

ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ನಮ್ಮ ಪಕ್ಕದ ಮನೆಯ ದಾಕ್ಷಾಯಿಣಿಗೆ ಈ ಪದ್ಧತಿ ಸಮುದ್ರದ ನಟ್ಟನಡುವೆ ಗಂಟುಬಿತ್ತು. ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥರ ಮಗಳು ಆಕೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಶಂಭುಲಿಂಗ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು. ವರ್ಷದ ಬಹುಪಾಲು ಅವರು ನೀರಿನ ಮೇಲೆ, ಈಕೆ ನವನಗರದಲ್ಲಿ. ನಳಕ್ಕೆ ನೀರು ಬಾರದಿದ್ದರೂ, ಮಾಳಿಗೆ ಸೋರಿದರೂ, ಮಗಳಿಗೆ ಜ್ವರ ಬಂದರೂ ನೋಡಿಕೊಳ್ಳುವವಳು ಇವಳೊಬ್ಬಳೇ. ಅವರು ರಜೆಗೆ ಬಂದಾಗ ಓಣಿಗೆಲ್ಲ ಚಾಕೊಲೇಟು ಹಂಚುತ್ತಿದ್ದರು. ಅವರಿಗೆ ಹೆಸರು, ನಿನಗೆ ದಣಿವು ಎಂದು ನಾನು ಚೇಷ್ಟೆ ಮಾಡಿದರೆ ದಾಕ್ಷಾಯಿಣಿ ನಕ್ಕುಬಿಡುತ್ತಿದ್ದಳು. ಆಕೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ನಿವೃತ್ತರಾದ ಮೇಲೆ ಶಂಭುಲಿಂಗ ಅವರು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಸಲಹೆ ಕೊಡಲು ಹೋಗತೊಡಗಿದರು. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಮಾರಿಷಸ್‌ನಲ್ಲಿ ಹಳೆಯ ಪರಿಚಯದವನೊಬ್ಬ ತನ್ನ ಹಾಯಿದೋಣಿ ಮಾರುತ್ತಾನೆಂದು ತಿಳಿದದ್ದೇ ತಡ, ಅದನ್ನು ಕೊಂಡು ಗಾಳಿಯ ಬಲದ ಮೇಲೆ ಗೋವೆಯವರೆಗೆ ನಡೆಸಿಕೊಂಡು ಬರುವ ಹುಚ್ಚು ಹತ್ತಿತು. ಓಣಿಯವರು ಅದನ್ನು ಹಡಗು ಎನ್ನುತ್ತಿದ್ದರು. ಖರೆ ಹೇಳಬೇಕೆಂದರೆ ಅದು ಹುಬ್ಬಳ್ಳಿ-ಧಾರವಾಡ ಓಡಾಡುವ ನಮ್ಮ ಚಿಗರಿ ಬಸ್ಸಿಗಿಂತ ಗಿಡ್ಡ. ಒಬ್ಬರೇ ಹೋಗುವುದು ಅವರ ವಿಚಾರವಾಗಿತ್ತು. ದಾಕ್ಷಾಯಿಣಿ ಒಪ್ಪಲಿಲ್ಲ.

"ಇಷ್ಟ ವರ್ಷ ನೀವು ಹೋದ್ರಿ, ನಾ ದಂಡಿಮ್ಯಾಲೆ ಕುಂತೆ. ಈ ಸಲ ಹೋದ್ರ ಇಬ್ಬರೂ ಹೋಗೂದು," ಎಂದಳು.

ಹೀಗೆ ಅರವತ್ತರ ಹೊಸ್ತಿಲಲ್ಲಿ ಆಕೆ ಈಜು ಕಲಿತಳು, ಗೋವೆಗೆ ಹೋಗಿ ಹಾಯಿ ಏರಿಸುವುದನ್ನೂ ಇಳಿಸುವುದನ್ನೂ ಕಲಿತಳು. ನೀರಿನ ಹೆದರಿಕೆ ಹೋಯಿತು. ಉಳಿದದ್ದು ಒಂದೇ ಹೆದರಿಕೆ, ಅದು ತಾಯಿಯದು. ಕಾಳವ್ವ ಎಂಬತ್ತು ದಾಟಿದವರು, ಹುಬ್ಬಳ್ಳಿಯ ಹಳೆಯ ಮನೆಯಲ್ಲಿ ಮಗ ಗುರುಬಸವನ ಜೊತೆ ಇದ್ದರು. ಮದುವೆಯಾಗಿ ಮನೆಗೆ ಫೋನು ಬಂದಾಗಿನಿಂದ ದಾಕ್ಷಾಯಿಣಿ ಒಂದು ಸಂಜೆಯೂ ತಾಯಿಯ ಜೊತೆ ಮಾತಾಡದೆ ಉಂಡವಳಲ್ಲ. ಉಂಡೆಯಾ, ಗುಳಿಗೆ ತೆಗೆದುಕೊಂಡೆಯಾ, ಅಷ್ಟೇ ಮಾತು. ತಾನಿಲ್ಲದಾಗ ಅವ್ವ ಹೋಗಿಬಿಟ್ಟರೆ ಎಂದು ನನ್ನ ಮುಂದೆ ಒಮ್ಮೆ ಅಂದಿದ್ದಳು. ಕಾಳವ್ವ ಮಾತ್ರ, ನೀರಿನಲ್ಲಿ ರೊಟ್ಟಿ ಎಲ್ಲಿ ಸಿಗುತ್ತವೆ ಎಂದು ಕೇಳಿ, ಸೊಸೆಯ ಪಕ್ಕದಲ್ಲಿ ಕೂತು ಎರಡು ಡಬ್ಬಿ, ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ ಮಾಡಿಸಿ ಕೊಟ್ಟರು.

ದೋಣಿಯಲ್ಲಿ ಅವರದು ಪಾಳಿಯ ಸಂಸಾರ. ಒಬ್ಬರು ಮಲಗಿದರೆ ಒಬ್ಬರು ಎಚ್ಚರ. ಚಹಾ ಕುಡಿಯುವಾಗ ಮಾತ್ರ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಉಪಗ್ರಹದ ಮೂಲಕ ಸಣ್ಣ ಸಂದೇಶ ಕಳಿಸುವ ಯಂತ್ರವೊಂದಿತ್ತು. ಅದು ಶಂಭುಲಿಂಗ ಅವರ ವಶ. ಸಂಜೆ ಗುರುಬಸವನ ಸಂದೇಶ ಬರುತ್ತಿತ್ತು. ಅವ್ವ ಹೇಗಿದ್ದಾಳೆ ಎಂದು ದಾಕ್ಷಾಯಿಣಿ ಕೇಳುತ್ತಿದ್ದಳು, ಅವರು ನಕ್ಷೆಯಿಂದ ತಲೆ ಎತ್ತದೆ ಆರಾಮ ಎನ್ನುತ್ತಿದ್ದರು.

ಭೂಮಧ್ಯರೇಖೆಯ ಹತ್ತಿರ ಗಾಳಿ ಸತ್ತುಹೋಯಿತು. ಹಾಯಿಗಳು ಒಣಗಹಾಕಿದ ಧೋತರದ ಹಾಗೆ ಜೋತುಬಿದ್ದವು. ಆ ದಿನಗಳಲ್ಲೇ ಹುಬ್ಬಳ್ಳಿಯಲ್ಲಿ ಕಾಳವ್ವ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಗುರುಬಸವ ಭಾವನಿಗೆ ಸುದ್ದಿ ಕಳಿಸಿ, ದಾರಿಯಲ್ಲಿದ್ದೀರಿ, ಅಕ್ಕನಿಗೆ ಹೇಳಬೇಡಿ ಎಂದು ಬರೆದ. ಮಣ್ಣು ಕೊಡಲು ನಾನೂ ಹೋಗಿದ್ದೆ. ಹೇಳಿಬಿಡಬೇಕಿತ್ತು ಎಂದು ನಾನು ವಾದ ಮಾಡಿದೆ. ಸುತ್ತ ನೀರು ಬಿಟ್ಟರೆ ಯಾರೂ ಇಲ್ಲದ ಕಡೆ ಹೆಣ್ಣುಮಗಳು ಯಾರ ಕೊರಳು ಹಿಡಿದು ಅಳಬೇಕು ಎಂದು ಗುರುಬಸವ ಕೇಳಿದ.

ಆ ಸಂಜೆ ಶಂಭುಲಿಂಗ ಅವರು ಕೆಳಗಿನಿಂದ ಮೇಲೆ ಬಂದು, ನಿಮ್ಮವ್ವ ಆರಾಮ ಇದ್ದಾಳಂತೆ ಎಂದರು. ದಾಕ್ಷಾಯಿಣಿ ಇನ್ನೂ ಕೇಳಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಕೇಳದೆ ಅವರು ಈ ಮಾತು ಹೇಳಿದ್ದು ಅದೇ ಮೊದಲು. ಅಷ್ಟರಲ್ಲೇ ತನಗೆ ತಿಳಿಯಿತು ಎಂದು ಆಕೆ ಆಮೇಲೆ ನನ್ನ ಮುಂದೆ ಹೇಳಿದಳು. ಮರುದಿನದಿಂದ ಅವರು ಅವ್ವನ ರೊಟ್ಟಿ ಮುಟ್ಟಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಬಿಸ್ಕೀಟು ತಿಂದರು. ಆಕೆಯ ಪಾಳಿಯಲ್ಲಿಯೂ ತಾವೇ ಕೂತು, ನೀನು ಮಲಗು ಎಂದರು. ಒಳ್ಳೆಯ ಮನುಷ್ಯರಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಲು ಹೋಗಿ ಮತ್ತಷ್ಟು ಒಳ್ಳೆಯವರಾಗಿಬಿಡುತ್ತಾರೆ.

ದಾಕ್ಷಾಯಿಣಿಗೆ ಮೊದಲು ಬಂದದ್ದು ದುಃಖವಲ್ಲ, ಕೆಂಡದಂಥ ಸಿಟ್ಟು. ತನ್ನ ತಾಯಿಯ ಸಾವು ತನಗಿಂತ ಮೊದಲು ಇವರಿಗೆ ಗೊತ್ತಾಗಬೇಕೇ ಎಂದು. ಸಿಟ್ಟಿನಲ್ಲಿ ಒಂದು ಆಟ ಹೂಡಿದಳು. ಅವ್ವ ಕಣ್ಣಿನ ಔಷಧ ಹಾಕಿಕೊಂಡಳೇ ಕೇಳಿ, ಸೊಂಟ ನೋವು ಇಳಿಯಿತೇ ಕೇಳಿ ಎಂದು ದಿನಕ್ಕೊಂದು ಪ್ರಶ್ನೆ ಕೊಡುವಳು. ಅವರು ದಪ್ಪ ಬೆರಳಿನಿಂದ ತಡವರಿಸಿ ಬರೆದು ಕಳಿಸುವರು. ಹುಬ್ಬಳ್ಳಿಯಲ್ಲಿ ಗುರುಬಸವ ಅದನ್ನು ಓದಿ, ಹಿತ್ತಲಿಗೆ ಹೋಗಿ ಕೂತು, ಹಾಕಿಕೊಂಡಿದ್ದಾಳೆ, ಇಳಿದಿದೆ ಎಂದು ಉತ್ತರ ಹೊಂದಿಸುವನು. ಒಂದು ದಿನ ಬರೆದು ಮುಗಿಸಿದ ಗಂಡ, ಅವ್ವನಿಗೆ ಇನ್ನೇನಾದರೂ ಕೇಳಬೇಕೇ ಎಂದು ಬಹಳ ಮೆತ್ತಗೆ ಕೇಳಿದರು. ಆ ದನಿ ಕೇಳಿ ಆಕೆಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಏನೂ ಬೇಡ ಎಂದಳು, ಮತ್ತೆ ಕೇಳಲಿಲ್ಲ.

ತನಗೆ ಗೊತ್ತಿದೆ ಎಂದು ಬಾಯಿ ಬಿಟ್ಟರೆ ಅವರು ಅಪರಾಧಿಯಂತೆ ಕೂತುಬಿಡುತ್ತಾರೆ, ದೋಣಿ ನೋಡುವವರು ಯಾರು ಎಂಬುದು ಒಂದು ಕಾರಣ. ಇನ್ನೊಂದನ್ನು ಆಕೆ ತಡೆದು ತಡೆದು ಹೇಳಿದಳು. ಅವ್ವನಿಗಾಗಿ ಅಳುವುದೆಂದರೆ ಅವ್ವನ ಮನೆಯಲ್ಲಿ, ತಮ್ಮ, ತಮ್ಮನ ಹೆಂಡತಿ, ಅಕ್ಕಪಕ್ಕದವರ ನಡುವೆ. ಹಾಡಿಕೊಂಡು ಅಳಬೇಕು, ಯಾರಾದರೂ ಹಿಡಿದು ಎಬ್ಬಿಸಬೇಕು. ಅದನ್ನು ಚೂರು ಚೂರಾಗಿ ನೀರಿಗೆ ಚೆಲ್ಲಲು ಆಕೆಗೆ ಮನಸ್ಸಿರಲಿಲ್ಲ. ಗಾಳಿ ಮತ್ತೆ ಎದ್ದಿತು, ಆಕೆ ಚುಕ್ಕಾಣಿ ಹಿಡಿದಳು, ದುಃಖವನ್ನು ಹಾಗೆಯೇ ಇಟ್ಟುಕೊಂಡು ಬಂದಳು.

ಗೋವೆಯ ಗುಡ್ಡಗಳು ಮಸುಕಾಗಿ ಕಂಡ ಬೆಳಿಗ್ಗೆ ಶಂಭುಲಿಂಗ ಅವರು ಎದುರಿಗೆ ಬಂದು ಕೂತರು.

"ದಾಕ್ಷಾಯಿಣಿ, ಒಂದ ಮಾತ ಹೇಳೂದೈತಿ."

"ಈಗ ಬ್ಯಾಡ್ರಿ. ಮನಿ ಮುಟ್ಟಿದ ಮ್ಯಾಲೆ ಹೇಳ್ರಿ," ಎಂದಳು.

ಅವರು ಆಕೆಯ ಮುಖ ನೋಡಿದರು. ಆಕೆಗೆ ಗೊತ್ತಿದೆ ಎಂಬುದು ಅವರಿಗೆ ಆಗ ಗೊತ್ತಾಯಿತು. ಇಬ್ಬರೂ ಕೂಡಿ ಹಾಯಿ ಇಳಿಸಿದರು.

ಬಂದರಿಗೆ ಗುರುಬಸವ ಕಾರು ತಂದಿದ್ದ. ಸುದ್ದಿ ಹೇಳುವಾಗ ಹೆಣ್ಣುಮಕ್ಕಳು ಯಾರಾದರೂ ಪಕ್ಕದಲ್ಲಿರಲಿ ಎಂದು ನನ್ನನ್ನೂ ಕರೆತಂದಿದ್ದ. ದಾಕ್ಷಾಯಿಣಿ ಕಪ್ಪಾಗಿದ್ದಳು, ಸೊರಗಿದ್ದಳು. ಆಕೆಯ ಬೆನ್ನ ಹಿಂದೆ ಗುರುಬಸವ ಕಣ್ಣಲ್ಲೇ ಭಾವನನ್ನು ಕೇಳಿದ, ಗೊತ್ತಿದೆಯೇ ಎಂದು. ಅವರು ಹೌದೆಂದು ತಲೆಯಾಡಿಸಿದರು. ಹೇಳಿ ಮುಗಿದಿದೆ ಎಂದು ಆತ ತಿಳಿದ. ನಾನೂ ಹಾಗೆಯೇ ತಿಳಿದೆ. ಒಂದು ಭಾರ ಇಳಿಯಿತು ಎಂದು ಇಬ್ಬರೂ ಹಗುರಾದೆವು. ಘಟ್ಟ ಹತ್ತುವಾಗ, ಸಮುದ್ರದಲ್ಲಿ ಮೀನು ಹಾರುವುದು ಖರೆಯೇ ಎಂದು ನಾನು ಕೇಳಿದೆ. ಧಾರವಾಡ ಬಂತು, ನವನಗರವೂ ಬಂತು. ತನ್ನ ಮನೆಯ ಮುಂದೆ ಕಾರು ಯಾಕೆ ನಿಲ್ಲಲಿಲ್ಲ ಎಂದು ದಾಕ್ಷಾಯಿಣಿ ಕೇಳಲಿಲ್ಲ.

ಹುಬ್ಬಳ್ಳಿಯ ಮನೆಯ ಅಂಗಳದಲ್ಲಿ ಯಾರೂ ನಿಂತಿರಲಿಲ್ಲ. ಮಣ್ಣಾಗಿ, ಶಿವಗಣಾರಾಧನೆಯ ಊಟವಾಗಿ, ಬೀಗರು ನೆಂಟರು ಊರಿಗೆ ಹೋಗಿ ಎಷ್ಟೋ ದಿನವಾಗಿತ್ತು. ಒಳಗೆ ಟಿವಿ ನಡೆದಿತ್ತು. ಗುರುಬಸವನ ಹೆಂಡತಿ ಶಾಂಭವಿ ಬಂದು ಕೈ ಹಿಡಿದು, ಕಣ್ಣೊರೆಸಿಕೊಂಡು, ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು. ಅವಳದು ತಪ್ಪಲ್ಲ. ಅತ್ತು ಅತ್ತು ಅವಳ ಪಾಲಿನದು ಮುಗಿದಿತ್ತು. ಗೋಡೆಯ ಮೇಲಿನ ಪಟದಲ್ಲಿ ಕಾಳವ್ವ ವಿಭೂತಿ ಹಚ್ಚಿಕೊಂಡು ನಗುತ್ತಿದ್ದರು. ಮಾಲೆಯ ಹೂವು ಒಣಗಿತ್ತು. ದಾಕ್ಷಾಯಿಣಿ ಪಟ ನೋಡಿದಳು, ಎಲ್ಲರ ಮುಖ ನೋಡಿದಳು, ಚಹಾದ ಕಪ್ಪು ಹಿಡಿದು ಕೂತಳು. ಆಕೆ ಒಂದು ಮಾತಿಗಾಗಿ ಕಾಯುತ್ತಿದ್ದಾಳೆ, ಅದನ್ನು ಆಕೆಗೆ ಇನ್ನೂ ಯಾರೂ ಹೇಳಿಯೇ ಇಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಕಪ್ಪು ಕೆಳಗಿಟ್ಟು ಆಕೆ ತಾಯಿಯ ಕೋಣೆಗೆ ಹೋದಳು. ಮಂಚವಿದ್ದ ಜಾಗದಲ್ಲಿ ಗೋಧಿಯ ಚೀಲಗಳಿದ್ದವು. ಬಾಗಿಲಲ್ಲಿ ಗಂಡ ನಿಂತಿದ್ದರು. ಆಕೆ ಅವರ ಕಡೆ ತಿರುಗಿದಳು.

"ಮನಿ ಮುಟ್ಟೇವಿ. ಈಗ ಹೇಳ್ರಿ."

"ಅವ್ವ ಹೋದ್ಲು, ದಾಕ್ಷಾಯಿಣಿ," ಎಂದರು ಶಂಭುಲಿಂಗ. ಅಷ್ಟು ದೊಡ್ಡ ಮನುಷ್ಯ ಹೊಸ್ತಿಲ ಮೇಲೆ ಕುಸಿದು ಅಳತೊಡಗಿದರು. ಆ ಮನೆಯಲ್ಲಿ ಇನ್ನೂ ಅಳದೆ ಉಳಿದವರು ಅವರಿಬ್ಬರೇ ಆಗಿದ್ದರು. ದಾಕ್ಷಾಯಿಣಿ ಅವರ ಕೊರಳಿಗೆ ಬಿದ್ದು ಅವ್ವಾ ಎಂದು ಕೂಗಿದ ಕೂಗಿಗೆ ಶಾಂಭವಿ ಟಿವಿ ಬಂದ್ ಮಾಡಿದಳು.

ಎದುರು ಮನೆಯ ಬಿಬಿಜಾನ ಮಣ್ಣಿಗೂ ಬಂದವಳು, ಊಟಕ್ಕೂ ಬಂದವಳು. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದು, ಈಗ ಯಾರು ಹೋದರು ಎಂದು ಗಾಬರಿಯಿಂದ ಗುರುಬಸವನನ್ನು ಕೇಳಿದಳು.

"ನಮ್ಮವ್ವ," ಎಂದು ಆತ ಅಲ್ಲೇ ನೆಲಕ್ಕೆ ಕೂತ.