ಮೊದಲ ಸಾಲಿನಲ್ಲಿ ಮುತ್ಯಾನ ಮಾತು

ಇಂಡಿಯಿಂದ ಬಸ್ಸು ಬದಲಿಸುತ್ತ ಹೂವಿನ ಹಿಪ್ಪರಗಿಯ ಅಕ್ಕನ ಮನೆ ಸೇರುವಷ್ಟರಲ್ಲಿ ತಲೆ ಭಾರವಾಗಿತ್ತು. ಅಕ್ಕನ ಮಗಳ ಕಾಲೇಜು ಆಯ್ಕೆಗಳನ್ನು ಆನ್‌ಲೈನಿನಲ್ಲಿ ತುಂಬಬೇಕಿತ್ತು. ಮನೆಯಲ್ಲಿ ಎಂ.ಎ. ಓದಿದವನು ನಾನೊಬ್ಬನೇ ಆದ್ದರಿಂದ ಇಂಥ ಕೆಲಸ ನನಗೇ ಬರುತ್ತದೆ.

ಹುಡುಗಿಗೆ ಪಶುವೈದ್ಯಳಾಗುವ ಆಸೆ. ಕುರಿ ಸಾಕುವ ಮನೆ ಅದು. ಮರಿ ಹಾಕಲಾರದೆ ಒದ್ದಾಡುತ್ತಿದ್ದ ಕುರಿಯ ಪಕ್ಕ ಅವಳು ಕುಳಿತದ್ದನ್ನು ನಾನು ನೋಡಿದ್ದೇನೆ. ಅಥವಾ ಅಕ್ಕ ಹೇಳಿದ್ದನ್ನೇ ನೋಡಿದಂತೆ ನೆನೆಯುತ್ತಿದ್ದೇನೆ. ಮೊಬೈಲಿನಲ್ಲಿ ವಾರಗಟ್ಟಲೆ ಹುಡುಕಿ, ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕುಗಳನ್ನೆಲ್ಲ ಅವಳು ನೋಟ್‌ಬುಕ್ಕಿಗೆ ಇಳಿಸಿದ್ದಳು. ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಗುವ ಹಾಗಿತ್ತು.

“ಹಲ್ಲ ನೋಡದ ಕುರಿ ಕೊಂಡಂಗ ಆತಲ್ಲೋ ತಮ್ಮಾ,” ಎಂದರು ಅವಳ ಮುತ್ಯಾ, ನನ್ನ ಭಾವನ ತಂದೆ. “ಫೋಟೋದಾಗ ಎಲ್ಲಾ ಕಾಲೇಜೂ ಚಂದನ ಕಾಣ್ತಾವ. ಬೀದರ ದೂರ ಆತು. ವಿಜಯಪುರದಾಗ ಕೃಷಿ ಕಾಲೇಜ್ ಐತಿ, ಅದನ್ನ ಮೊದಲ ಬರಿ. ಶನಿವಾರ ಮನಿಗೆ ಬರ್ತಾಳ.”

ಲಗ್ನಪತ್ರಿಕೆಯಿರಲಿ, ಮನೆಯ ಪಂಚಾಯಿತಿಯಿರಲಿ, ನಮ್ಮಲ್ಲಿ ಹಿರಿಯರ ಹೆಸರು, ಹಿರಿಯರ ಮಾತು ಮೊದಲಿಗಿರುತ್ತದೆ. ಅಷ್ಟಾದರೆ ಅರ್ಧ ಜಗಳ ಮುಗಿದಂತೆ. ಆಮೇಲೆ ಅವರವರ ಮನಸ್ಸಿನಂತೆ ನಡೆಯುತ್ತದೆ. ಆ ರೂಢಿಯಲ್ಲೇ ನಾನು ಕೃಷಿ ಕಾಲೇಜನ್ನು ಮೊದಲು ಹಾಕಿದೆ, ಬೀದರನ್ನು ಎರಡನೆಯದಾಗಿ. ಹುಡುಗಿಯೂ ನಕ್ಕಳು: “ಮುತ್ಯಾನ ಸಿಟ್ಟು ತಪ್ತು ಬಿಡು, ಮಾಮಾ.”

ವೆಬ್‌ಸೈಟಿಗೆ ಈ ಮರ್ಯಾದೆಯೆಲ್ಲ ಎಲ್ಲಿ ಗೊತ್ತು? ಅದು ಮೊದಲ ಸಾಲನ್ನೇ ಮೊದಲ ಆಸೆ ಎಂದು ತಿಳಿಯಿತು. ನಿಜವಾದ ಸೀಟು ಹಂಚಿಕೆಗೆ ಮುನ್ನ ತೋರಿಸುವ ಅಣಕು ಹಂಚಿಕೆಯಲ್ಲಿ ಕೃಷಿ ಕಾಲೇಜು ಬಂತು. ಸಾಲು ಬದಲಿಸಲು ಆಗಿನ್ನೂ ಎರಡು ದಿನ ಇದ್ದವು. ಸಿಂದಗಿ ಬಸ್ ನಿಲ್ದಾಣದಿಂದ ಫೋನ್ ಮಾಡಿ ಅವಳಿಗೆ ಹೇಳಿದೆನೆಂದು ನನ್ನ ನೆನಪು. ಕಂಡಕ್ಟರ್ “ಮುದ್ದೇಬಿಹಾಳ, ಮುದ್ದೇಬಿಹಾಳ” ಎಂದು ಕೂಗುತ್ತಿದ್ದುದು ಈಗಲೂ ಕಿವಿಯಲ್ಲಿದೆ.

“ನೀ ಫೋನ್ ಮಾಡೇ ಇಲ್ಲ, ಮಾಮಾ,” ಎಂದಳು ಅವಳು, ಆ ಎರಡು ದಿನ ಕಳೆದ ಮೇಲೆ.

“ಮಾಡಿದ್ನೆವ್ವಾ.”

“ಮಾಡಿದ್ರ ನಾ ಸುಮ್ನ ಕುಂದರತಿದ್ನೇನು?”

ಕರೆಗಳ ಪಟ್ಟಿ ನನ್ನ ಮೊಬೈಲಿನಲ್ಲೇ ಇದೆ. ಇನ್ನೂ ತೆರೆದು ನೋಡಿಲ್ಲ.

ಕೊನೆಯ ಹಂಚಿಕೆಯಲ್ಲೂ ಮೊದಲ ಸಾಲೇ ಸಿಕ್ಕಿತು. ಮೊದಲನೆಯದು ಸಿಕ್ಕ ಮೇಲೆ ಕೆಳಗಿನದನ್ನು ಕೇಳುವಂತಿಲ್ಲ. ನಿನ್ನೆ ನಾನೂ ಅವಳೂ ಬಸವನ ಬಾಗೇವಾಡಿಯಲ್ಲಿ ಪ್ರವೇಶಪತ್ರದ ಪ್ರಿಂಟ್ ತೆಗೆಸಿಕೊಂಡು ಹಿಪ್ಪರಗಿಗೆ ಹೋದೆವು. ಮುತ್ಯಾ ಮೊಮ್ಮಗಳ ಕೈಗೆ ಪೇಢೆ ಇಟ್ಟರು.

“ಬೀದರ ಬೇಕಂತ ಹಟ ಹಿಡೀತಿ ಅಂದ್ಕೊಂಡಿದ್ದೆ. ಇನ್ನೊಂದ ಸಲ ಕೇಳಿದ್ರ ಹೂಂ ಅಂತಿದ್ದೆ ನೋಡವ್ವಾ. ನಿನಗೂ ಇದ ಬೇಕಿತ್ತಲ್ಲ?”

ಅವಳು ನನ್ನತ್ತ ನೋಡಿದಳು. ನಾನು ಪ್ರಿಂಟನ್ನು ಮಡಚುತ್ತಿದ್ದೆ.

“ಹೌದ್ ಮುತ್ಯಾ,” ಎಂದಳು.