ಗಾಜಿನೊಳಗಿನ ತೆಂಕು

ಕಳೆದ ತಿಂಗಳು ಅಟ್ಟದ ಮೇಲಿನ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ವಾಸನೆ. ಬೂಷ್ಟು ಹಿಡಿದ ಕಪ್ಪು ಬಟ್ಟೆ, ಹಳೆಯ ಚರ್ಮ, ಅದರಡಿಯಲ್ಲಿ ಫಿಲ್ಮ್ ತೊಳೆಯುತ್ತಿದ್ದ ಹೈಪೋ ನೀರಿನ ಹುಳಿ. ಮೂವತ್ತು ವರ್ಷ ಮುಚ್ಚಿಟ್ಟರೂ ಹೋಗದ ವಾಸನೆ ಅದು. ನನ್ನ ಹೆಂಡತಿ ಏಣಿಯ ಬುಡದಲ್ಲಿ ನಿಂತು, ಅಲ್ಲಿ ಹೆಗ್ಗಣ ಸತ್ತಿದೆಯೇ ಎಂದು ಕೇಳಿದಳು. ನಾನು ಹುಡುಕುತ್ತಿದ್ದುದು ಒಂದು ನೆಗೆಟಿವ್. ಅದು ಬೇಕೆಂದವಳು ಅಕ್ಕನ ಮಗಳು ಸುಮ. ಬ್ರಹ್ಮಾವರದಲ್ಲಿ ಹೊಸ ಮನೆ ಕಟ್ಟಿಸಿದ್ದಾಳೆ, ಒಕ್ಕಲಿನ, ಎಂದರೆ ಗೃಹಪ್ರವೇಶದ, ದಿನ ಚಾವಡಿಯಲ್ಲಿ ತಾಯಿಯ ಪಟ ಇರಬೇಕು ಎಂಬುದು ಅವಳ ಆಸೆ. ಅಕ್ಕನ ಪಟ ಜಗತ್ತಿನಲ್ಲಿ ಇರುವುದು ಒಂದೇ. ತೆಗೆದವನು ನಾನು.

ಅದನ್ನು ತೆಗೆದಂಥ ಕ್ಯಾಮರಾವನ್ನು ನೀವು ನೋಡಿರಲಿಕ್ಕಿಲ್ಲ. ಕುಂದಾಪುರದಲ್ಲಿ ಶೀನಣ್ಣ ಎಂಬವರ ಸ್ಟುಡಿಯೋ ಇತ್ತು. ಅಲ್ಲಿ ನಾನು ಏಳು ವರ್ಷ ಕೆಲಸಕ್ಕಿದ್ದೆ. ಮೂರು ಕಾಲಿನ ಮೇಲೆ ನಿಲ್ಲುವ, ಹಾರ್ಮೋನಿಯಂನಂತೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಮರದ ಪೆಟ್ಟಿಗೆ ಅದು. ಮುಂದೆ ಲೆನ್ಸ್ ಕೂತ ಹಲಗೆ, ಹಿಂದೆ ಮಸುಕು ಗಾಜು. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡಿದರೆ ಎದುರಿಗೆ ಕೂತವರು ಗಾಜಿನಲ್ಲಿ ತಲೆಕೆಳಗಾಗಿ ಕಾಣುತ್ತಾರೆ. ತಲೆಕೆಳಗು ಮಾತ್ರವಲ್ಲ, ಎಡಗಡೆಯವರು ಬಲಕ್ಕೆ, ಬಲಗಡೆಯವರು ಎಡಕ್ಕೆ. ಈ ಪೆಟ್ಟಿಗೆಯ ದೊಡ್ಡಸ್ತಿಕೆ ಇದ್ದದ್ದು ಮುಂದಿನ ಹಲಗೆಯಲ್ಲಿ. ಅದನ್ನು ಮುಂದಕ್ಕೆ ಬಗ್ಗಿಸಬಹುದು, ಪಕ್ಕಕ್ಕೆ ತಿರುಗಿಸಬಹುದು. ಬಗ್ಗಿಸುವುದಕ್ಕೆ ಟಿಲ್ಟ್, ತಿರುಗಿಸುವುದಕ್ಕೆ ಸ್ವಿಂಗ್. ಹದವಾಗಿ ಬಗ್ಗಿಸಿದರೆ ಕಾಲಬುಡದ ಹುಲ್ಲಿನಿಂದ ದೂರದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟ. ಜನರ ಸಾಲು ಓರೆಯಾಗಿದ್ದರೆ ಲೆನ್ಸನ್ನು ಹತ್ತಿರದ ತುದಿಯ ಕಡೆಗೆ ಒಂದು ಕೂದಲೆಳೆಯಷ್ಟು ತಿರುಗಿಸಬೇಕು, ಆಗ ಹತ್ತಿರದವರೂ ದೂರದವರೂ ಒಟ್ಟಿಗೆ ಸ್ಪಷ್ಟವಾಗುತ್ತಾರೆ. ಹತ್ತಿರದವರನ್ನೂ ದೂರದವರನ್ನೂ ಹೀಗೆ ಸಮನಾಗಿ ನೋಡುವ ವಿದ್ಯೆ ಕಲಿತೆನೆಂದು ನನಗೆ ಆ ಕಾಲದಲ್ಲಿ ಬಹಳ ಜಂಬವಿತ್ತು.

ಇಲ್ಲಿ ನಮ್ಮೂರಿನ ಒಂದು ಅಭ್ಯಾಸವನ್ನು ಹೇಳಬೇಕು. ನಮ್ಮ ಕಡೆ ಎಡ, ಬಲ ಎನ್ನುವವರು ಕಡಿಮೆ. ಎಲ್ಲವೂ ದಿಕ್ಕಿನ ಲೆಕ್ಕ: ಮೂಡು, ಪಡು, ತೆಂಕು, ಬಡಗು. ಊಟದ ಪಂಕ್ತಿಯಲ್ಲಿ ಕೂತವನಿಗೂ ಸ್ವಲ್ಪ ಬಡಗಿಗೆ ಜರುಗಿ ಎನ್ನುತ್ತೇವೆ. ಒಮ್ಮೆ ಮುಂಬೈಯಲ್ಲಿ ಕ್ಷೌರಕ್ಕೆ ಕೂತಾಗ ನಾನು ನನ್ನ ಹರಕು ಹಿಂದಿಯಲ್ಲಿ, ತೆಂಕು ಬದಿಯ ಕೂದಲು ಇನ್ನೂ ಸ್ವಲ್ಪ ಹೋಗಬೇಕು ಎಂದಿದ್ದೆ. ಅವನು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದ. ತಲೆಗೆ ತೆಂಕು, ಬಡಗು ಇರುವುದು ನಮ್ಮಲ್ಲಿ ಮಾತ್ರ ಎಂದು ನನಗೆ ಗೊತ್ತಾದದ್ದು ಆಗ.

ಪಟ ತೆಗೆದದ್ದು ಗುಲ್ವಾಡಿಯ ನಮ್ಮ ಮನೆಯ ಅಂಗಳದಲ್ಲಿ. ಅಕ್ಕ ಗಂಡನ ಮನೆಯಾದ ಬೈಂದೂರಿನಿಂದ ಹತ್ತು ತಿಂಗಳ ಸುಮಳನ್ನು ಎತ್ತಿಕೊಂಡು ಬಂದಿದ್ದಳು. ಅಮ್ಮನಿಗೆ ಎಲ್ಲರೂ ಸೇರಿದ ಒಂದು ಪಟ ಬೇಕಿತ್ತು. ಅಕ್ಕನ ಮದುವೆ ದೇವಸ್ಥಾನದಲ್ಲಿ ಅವಸರದಿಂದ ಮುಗಿದದ್ದರಿಂದ ಆಗ ಯಾರೂ ಫೋಟೊ ತೆಗೆದಿರಲಿಲ್ಲ. ಶೀನಣ್ಣ ಕ್ಯಾಮರಾ ತಂದರು, ಆದರೆ ನಿಮ್ಮ ಮನೆಯದು ನೀನೇ ತೆಗಿ ಎಂದು ನನಗೇ ಬಿಟ್ಟರು. ಎಲ್ಲರೂ ಜಗಲಿಯ ಮೇಲೆ ಮೂಡು ಮುಖವಾಗಿ ಕೂತರು. ಅಂಗಳದ ನಡುವೆ, ಕ್ಯಾಮರಾ ನಿಲ್ಲಬೇಕಾದ ಜಾಗದಲ್ಲೇ, ತುಳಸಿಕಟ್ಟೆ. ಹಾಗಾಗಿ ಕ್ಯಾಮರಾವನ್ನು ಕಟ್ಟೆಯ ತೆಂಕು ಬದಿಗೆ ಇಟ್ಟೆವು. ಸಾಲು ಓರೆಯಾಯಿತು. ತೆಂಕು ತುದಿಯಲ್ಲಿದ್ದ ಸೋದರಮಾವ ಹತ್ತಿರ, ನಡುವೆ ಅಮ್ಮ. ಬಡಗು ತುದಿಯಲ್ಲಿ ಅಕ್ಕ, ಎಲ್ಲರಿಗಿಂತ ದೂರ. ಅವಳು ಆ ದಿನ ಹೊರಗಾಗಿದ್ದಳು. ಯಾರನ್ನೂ ಮುಟ್ಟುವಂತಿಲ್ಲವೆಂದು ಎರಡು ಮೊಳ ಬಿಟ್ಟು ಬೇರೆ ಚಾಪೆ ಹಾಕಿಕೊಂಡು ಕೂತಿದ್ದಳು. ಮಗು ನಡುವೆ ಕೂತ ನನ್ನ ಅಮ್ಮನ ಮಡಿಲಲ್ಲಿತ್ತು.

ನಾನು ಬಟ್ಟೆಯೊಳಗೆ ಹೊಕ್ಕು ಮೊದಲು ಅಕ್ಕನ ಮೇಲೆ ಫೋಕಸ್ ಮಾಡಿದೆ. ಗಾಜಿನಲ್ಲಿ ಅವಳು ತಲೆಕೆಳಗಾಗಿ, ಮೂಗುಬೊಟ್ಟಿನ ಹರಳೂ ಕಾಣುವಷ್ಟು ಸ್ಪಷ್ಟವಾಗಿದ್ದಳು. ನಾನು ತಡ ಮಾಡಿದ್ದಕ್ಕೆ ಅವಳೇ ಕೂಗಿದಳು: "ಹ್ವಾಯ್, ಬಟ್ಟೆ ಒಳ್ಗೆ ನಿದ್ದಿ ಬಂತಾ?" ಎಲ್ಲರೂ ನಕ್ಕರು. ನನಗೆ ಸ್ವಲ್ಪ ಅವಮಾನವಾಯಿತು. ಬೇಗ ಬೇಗ ಫೋಕಸನ್ನು ನಡುವಿಗೆ, ಅಮ್ಮ ಮತ್ತು ಮಗುವಿನ ಮೇಲೆ ತಂದೆ. ಅಂಗಳದಿಂದ ಶೀನಣ್ಣ, "ತೆಂಕಿಗೆ ತಿರ್ಗ್ಸ್, ಒಂಚೂರ್ ತೆಂಕಿಗೆ" ಎಂದರು. ನಾನು ಗೊತ್ತಿದೆ ಎಂದೆ.

ಗೊತ್ತಿರಲಿಲ್ಲ. ತೆಂಕು ತುದಿಯ ಸೋದರಮಾವ ಗಾಜಿನಲ್ಲಿ ಬಡಗು ಬದಿಗೆ ಕಾಣುತ್ತಿದ್ದರು. ತೆಂಕು ಎಂದರೆ ಯಾವ ತೆಂಕು, ಅಂಗಳದ್ದೋ ಗಾಜಿನದೋ? ಬಟ್ಟೆ ಸರಿಸಿ ತಲೆ ಹೊರಗೆ ಹಾಕಿದ್ದರೆ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಆದರೆ ಮನೆಯವರೆಲ್ಲ ನೋಡುತ್ತಿದ್ದರು, ಅಕ್ಕ ಆಗಲೇ ನಗಿಸಿಬಿಟ್ಟಿದ್ದಳು. ನಾನು ಒಳಗಿನಿಂದಲೇ ಕೈ ಚಾಚಿ, ಮಾವ ಗಾಜಿನಲ್ಲಿ ಕಾಣುತ್ತಿದ್ದ ಕಡೆಗೆ ಲೆನ್ಸನ್ನು ತಿರುಗಿಸಿದೆ. ಅದು ಬಡಗು. ತಿರುಗಿಸಿದ ಮೇಲೆ ಇನ್ನೊಮ್ಮೆ ಗಾಜು ನೋಡಬೇಕು, ಅದು ಈ ಕೆಲಸದ ಮೊದಲ ಪಾಠ. ಅಷ್ಟರಲ್ಲಿ ಮಗು ಅಳಲು ಶುರುಮಾಡಿತು, ಬೆಳಕೂ ಇಳಿಯುತ್ತಿತ್ತು. ನೋಡದೆಯೇ ಫಿಲ್ಮ್ ಹಾಕಿದೆ. ಎರಡು ಫಿಲ್ಮ್ ಇದ್ದವು, ಎರಡನ್ನೂ ಅದೇ ತಿರುವಿನಲ್ಲಿ ತೆಗೆದೆ.

ತೊಳೆದ ನೆಗೆಟಿವನ್ನು ಶೀನಣ್ಣ ಕಿಟಕಿಗೆ ಹಿಡಿದು ನೋಡಿದರು. "ಬಡ್ಗಿಗೆ ತಿರ್ಗ್ಸಿದ್ಯಲ್ದಾ" ಎಂದರು, ಬೈಯಲಿಲ್ಲ. ನಡುವಿನವರು ಕಡೆದಿಟ್ಟಷ್ಟು ಸ್ಪಷ್ಟ, ಮಗುವಿನ ಕಣ್ಣ ಕಾಡಿಗೆ ಕೂಡ. ಮಾವ ಮಸುಕು. ಅಕ್ಕನ ಮುಖವಂತೂ ಬರೀ ಒಂದು ಕಪ್ಪು ಕಲೆ. ಇನ್ನೊಮ್ಮೆ ತೆಗೆದರಾಯಿತು, ಹೋಗಲಿ ಬಿಡು ಎಂದು ಶೀನಣ್ಣ ಸಮಾಧಾನ ಮಾಡಿದರು. ಅಕ್ಕ ಅಷ್ಟರಲ್ಲಿ ಬೈಂದೂರಿಗೆ ಹೋಗಿಯಾಗಿತ್ತು. ಪ್ರಿಂಟನ್ನು ಮನೆಗೆ ಒಯ್ದಾಗ ಅಮ್ಮ ಕಣ್ಣು ಕಿರಿದು ಮಾಡಿ, ಇವಳ ಮುಖ ಏನಾಗಿದೆ ಎಂದು ಕೇಳಿದಳು. ಆಗ ನನ್ನ ಬಾಯಿಂದ ಬಂದ ಮಾತು ಇದು: "ಅಕ್ಕ ಅಲ್ಲಾಡಿದ್ಲ್."

ಮಾವನ ಮುಖದ ಬಗ್ಗೆ ಯಾರೂ ಕೇಳಲಿಲ್ಲ, ಅವರ ಪಟ ಬೇರೆ ಬೇಕಾದಷ್ಟು ಇತ್ತು. ನನ್ನ ಮಾತು ಯಾರ ಮೂಲಕವೋ ಬೈಂದೂರಿಗೂ ಮುಟ್ಟಿತು. ಅಲ್ಲಿಂದ ಅಕ್ಕ ಹೇಳಿ ಕಳಿಸಿದಳು: "ತಪ್ಪಾಯ್ತ್ ಅನ್ನಿ. ಮುಂದಿನ್ ಸಲ ಕಲ್ಲಿನ್ ಹಾಂಗೆ ಕೂಕಂತೆ." ಅವಳು ಆ ದಿನವೂ ಕಲ್ಲಿನ ಹಾಗೆಯೇ ಕೂತಿದ್ದಳು. ಆ ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು, ಹದಿನೈದು ದಿನದಲ್ಲಿ ಹೋದಳು. ಭಾವ ಬೇರೆ ಮದುವೆಯಾದರು. ಸುಮ ನಮ್ಮಲ್ಲೇ ಬೆಳೆದಳು.

ಅವಳಿಗೆ ನಾಲ್ಕೋ ಐದೋ ವರ್ಷವಿರುವಾಗ ಒಂದು ದಿನ ಸ್ಟೂಲಿನ ಮೇಲೆ ಹತ್ತಿ, ಗೋಡೆಯ ಪಟದ ಬಡಗು ತುದಿಯನ್ನು ಲಂಗದ ಅಂಚಿನಿಂದ ಉಜ್ಜುತ್ತಿದ್ದಳು. ತಾಯಿಯ ಮುಖಕ್ಕೆ ಧೂಳು ಹಿಡಿದಿದೆ ಎಂದುಕೊಂಡಿದ್ದಳು. ಅಮ್ಮ ಅವಳನ್ನು ಇಳಿಸಿ, ನಿನ್ನ ಅಬ್ಬಿ ಒಂದು ಗಳಿಗೆ ಸುಮ್ಮನೆ ಕೂತವಳಲ್ಲ, ಆಗಲೂ ಅಲ್ಲಾಡಿದಳು ಎಂದಳು. ನಾನು ಅಲ್ಲೇ ಪೇಪರ್ ಓದುತ್ತಿದ್ದೆ. ಪುಟ ಮಗುಚಿದೆ. ಅದಾದ ಮೇಲೆ ನಾನು ಹೆಚ್ಚು ದಿನ ಸ್ಟುಡಿಯೋಕ್ಕೆ ಹೋಗಲಿಲ್ಲ. ಕಾರಣ ಕೇಳಿದವರಿಗೆ ಹೈಪೋ ನೀರು ಮೈಗೆ ಒಗ್ಗುವುದಿಲ್ಲ ಎಂದೆ. ಶೀನಣ್ಣ ಆ ಕ್ಯಾಮರಾವನ್ನು ಕೊನೆಗೆ ನನಗೇ ಕೊಟ್ಟು ಹೋದರು.

ನೆಗೆಟಿವ್ ಸಿಕ್ಕಿತು. ಸುಮ ಅದನ್ನು ಅಂಗಡಿಗೆ ಕೊಟ್ಟಳು. ಈಗ ಕಂಪ್ಯೂಟರಿನಲ್ಲಿ ಮಸುಕು ಮುಖವನ್ನು ಸರಿಮಾಡುತ್ತಾರಂತೆ. ಒಕ್ಕಲಿನ ದಿನ ಹೋದಾಗ ಚಾವಡಿಯಲ್ಲಿ ಮಲ್ಲಿಗೆ ಹಾರ ಹಾಕಿದ ದೊಡ್ಡ ಪಟ. ನುಣುಪು ಕೆನ್ನೆ, ಅಳೆದಿಟ್ಟಂತಹ ಕಣ್ಣು, ಒಳ್ಳೆಯ ನಗು. ಬಂದವರೆಲ್ಲ ಸುಮಳೂ ತಾಯಿಯೂ ಒಂದೇ ಅಚ್ಚು ಎನ್ನುತ್ತಿದ್ದರು. ಸುಮ ನನ್ನ ಪಕ್ಕ ಬಂದು ನಿಂತು, "ಅಬ್ಬಿ ಅವತ್ತ್ ಅಲ್ಲಾಡ್ದೆ ಕೂತಿದ್ರೆ ಇಷ್ಟೆಲ್ಲ ಬೇಕಿರ್ಲಿಲ್ಲೆ ಅಲ್ದಾ ಮಾವ" ಎಂದಳು.

ನಾನು ಹೇಳಿದೆ. ಅವಳು ಅಲ್ಲಾಡಲಿಲ್ಲ, ಲೆನ್ಸನ್ನು ತಪ್ಪಾಗಿ ತಿರುಗಿಸಿದವನು ನಾನು, ಸುಳ್ಳು ಹೇಳಿದವನೂ ನಾನು ಎಂದೆ. ಅಡುಗೆಯವರು ಅನ್ನದ ಪಾತ್ರೆ ಎತ್ತಿಕೊಂಡು ನಮ್ಮ ನಡುವೆ ದಾಟಿಹೋದರು. ಸುಮ ಅಳಲಿಲ್ಲ, ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದಳು: "ಗಾಜಿನಗೆ ಸಮಾ ಕಂಡವ್ರ್ ನೀವೊಬ್ರೇ. ಹೀಂಗೇ ಇದ್ದಿದ್ಲಾ?"

ನಾನು ಪಟ ನೋಡಿದೆ. ಆಮೇಲೆ ಕಣ್ಣು ಮುಚ್ಚಿ ಆ ಗಾಜನ್ನು ನೆನಪಿಸಿಕೊಂಡೆ. ತಲೆಕೆಳಗಾದ ಚಾಪೆ, ತಲೆಕೆಳಗಾದ ಸೆರಗು, ಮೂಗುಬೊಟ್ಟಿನ ಹರಳು, ಎಲ್ಲವೂ ಬಂತು. ಮುಖ ಬರಲಿಲ್ಲ. ನಲವತ್ತು ವರ್ಷ ನಾನು ನೆನೆದದ್ದೆಲ್ಲ ನನ್ನ ತಪ್ಪನ್ನು, ಅಕ್ಕನನ್ನಲ್ಲ. "ನೆನ್ಪಿಲ್ಲೆ ಮಗಾ" ಎಂದೆ.

ಸುಮ ಹಾರದ ಒಂದು ಎಳೆಯನ್ನು ಸರಿಮಾಡಿದಳು. "ಇರ್ಲಿ ಮಾವ. ಇನ್ ಮೇಲೆ ಇವ್ಳೇ ನನ್ನ್ ಅಬ್ಬಿ" ಎಂದು ಹೇಳಿ ಬಡಿಸಲು ಹೋದಳು.

ಒಕ್ಕಲು ಮುಗಿದು ಮೂರು ವಾರವಾಯಿತು. ಈಗೀಗ ಕಣ್ಣು ಮುಚ್ಚಿದರೆ ನನಗೂ ಒಂದು ಮುಖ ಬರುತ್ತದೆ, ನೆಟ್ಟಗೆ, ಸ್ಪಷ್ಟವಾಗಿ. ನುಣುಪು ಕೆನ್ನೆ, ಒಳ್ಳೆಯ ನಗು. ಅವಳು ಯಾರೋ ನನಗೆ ಗೊತ್ತಿಲ್ಲ.