ಎಂಟು ಸಿಲಿಂಡರ್, ಎರಡು ಬಾಗಿಲು

“ಅಂಕಲ್, ಎಷ್ಟು ಸಿಲಿಂಡರ್?”

ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದ ಗಾಡಿಯ ಗಾಜು ಇಳಿಸಿ ಕುವೈತಿ ತರುಣನೊಬ್ಬ ಇಂಗ್ಲಿಷಿನಲ್ಲಿ ಕೇಳಿದ. ನಾನು ಎಂಟು ಬೆರಳು ತೋರಿಸಿದೆ. ಅವನು ಹೆಬ್ಬೆರಳು ಎತ್ತಿದ. ದೀಪ ಹಸಿರಾಯಿತು. ಹೋದ.

ಅಷ್ಟೇ. ಆದರೆ ನಿಜ ಹೇಳಲೇ? ಆಫೀಸಿನ ಕೆಲಸ, ಮನೆಯ ಬಾಡಿಗೆ ಬಿಟ್ಟು ಬೇರೆ ಸಂಗತಿಯ ಬಗ್ಗೆ ಆ ವಾರ ಮನುಷ್ಯನೊಬ್ಬ ನನ್ನ ಮುಖ ನೋಡಿ ಕೇಳಿದ ಮೊದಲನೇ ಪ್ರಶ್ನೆ ಅದು. ದಾರಿಯುದ್ದಕ್ಕೂ ಖುಷಿಯಾಗಿದ್ದೆ.

ಹೌದು, ನಾನೊಂದು ಮಸಲ್ ಕಾರು ಕೊಂಡೆ. ಸೆಕೆಂಡ್ ಹ್ಯಾಂಡ್. ಅಮೆರಿಕದ್ದು. ಒಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ಬಾನೆಟ್ಟು, ನೆಲಕ್ಕೆ ಅಂಟಿದಂಥ ಸೀಟು, ಎರಡೇ ಬಾಗಿಲು. ಶುಕ್ರವಾರ ಸಮುದ್ರದಂಡೆಯಲ್ಲಿ ಮೆರೆಯುವುದಕ್ಕಲ್ಲ. ದಿನಾ ಮೈದಾನ್ ಹವಲ್ಲಿಯಿಂದ ಶುಐಬಾದ ಕಾರ್ಖಾನೆಗೆ ಹೋಗಿಬರುವುದಕ್ಕೆ. (ನಗಬೇಡಿ. ನನ್ನ ವಯಸ್ಸು ಐವತ್ತಮೂರು. ನಕ್ಕವರ ಪಟ್ಟಿ ಈಗಾಗಲೇ ಉದ್ದವಿದೆ.)

ಕಥೆ ಶುರುವಾಗುವುದು ಜೂನ್ ತಿಂಗಳಲ್ಲಿ. ಮಗಳು ಹನ್ನೆರಡನೇ ಕ್ಲಾಸು ಮುಗಿಸಿ ಮೈಸೂರಿನಲ್ಲಿ ಕಾಲೇಜು ಸೇರಿದಳು. ಅವಳ ಜೊತೆಗೆ ಇರಲು ನನ್ನ ಹೆಂಡತಿ ವಸಂತಾ ಕೂಡ ಹೊರಟಳು. ಏರ್‌ಪೋರ್ಟಿಗೆ ಬಿಟ್ಟು ಮನೆಗೆ ಬರುವ ಹೊತ್ತಿಗೆ ನಾನು ಬ್ಯಾಚುಲರ್ ಆಗಿದ್ದೆ. ಇಲ್ಲಿ ಹಾಗೇ. ಹೆಂಡತಿ ಊರಿಗೆ ಹೋದರೆ ಗಂಡಸಿಗೆ ಎಷ್ಟೇ ವಯಸ್ಸಾಗಿರಲಿ, ಬ್ಯಾಚುಲರ್. ನಮ್ಮದು ಫ್ಯಾಮಿಲಿಗಳಿಗೆ ಮಾತ್ರ ಕೊಡುವ ಕಟ್ಟಡ. ಕಾವಲು ಕಾಯುವ ಹಾರಿಸ್ ವಾರಕ್ಕೊಮ್ಮೆ ಮೆಟ್ಟಿಲ ಹತ್ತಿರ ತಡೆದು ವಿಚಾರಿಸುತ್ತಾನೆ. “ಮದಾಮ್ ಕಬ್ ಆಯೇಗಾ?” ಪ್ರೀತಿಗಲ್ಲ, ಮನೆ ಖಾಲಿ ಮಾಡಿಸಬೇಕೋ ಬೇಡವೋ ಎಂದು ತಿಳಿಯುವುದಕ್ಕೆ. “ಮುಂದಿನ ತಿಂಗಳು” ಎನ್ನುತ್ತೇನೆ. ಇಬ್ಬರಿಗೂ ಅದು ಸುಳ್ಳೆಂದು ಗೊತ್ತು.

ಆಗ ನಮ್ಮ ಹತ್ತಿರ ಏಳು ಸೀಟಿನ ದೊಡ್ಡ ಗಾಡಿಯಿತ್ತು. ಅದರ ಕೊನೆಯ ಸಾಲಿನಲ್ಲಿ ಮಗಳು ಬಿಟ್ಟುಹೋದ ನೀರಿನ ಬಾಟಲಿಯೊಂದು ತಿರುವಿಗೊಮ್ಮೆ ಉರುಳುತ್ತಿತ್ತು. ಸಂಜೆ ಒಬ್ಬನೇ ಸಾಮಾನು ತರಲು ಹೋದಾಗ ಆ ಸದ್ದಿಗೆ “ಏನಮ್ಮಾ?” ಎಂದು ಹಿಂದೆ ತಿರುಗಿದ್ದೂ ಉಂಟು. ಬಾಟಲಿ ತೆಗೆದು ಎಸೆಯಬಹುದಿತ್ತು ತಾನೆ? ನಾನು ಗಾಡಿಯನ್ನೇ ಮಾರಾಟಕ್ಕಿಟ್ಟೆ.

ನೋಡಲು ಬಂದವನು ಬದ್ರ್. ಮೂವತ್ತರ ಆಸುಪಾಸಿನ ಕುವೈತಿ. ಅವನು ಬಂದಿಳಿದದ್ದು ಈ ಕಪ್ಪು ಎರಡು ಬಾಗಿಲಿನ ಕಾರಿನಿಂದ. ನನ್ನ ಗಾಡಿಯ ಹಿಂದಿನ ಸೀಟುಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದ. ಹೆಂಡತಿಗೆ ಅವಳಿ ಮಕ್ಕಳಾಗುವುದರಲ್ಲಿದೆಯಂತೆ. “ಎರಡು ಬಾಗಿಲು, ಎರಡು ಮಗು. ಮುಶ್ಕಿಲಾ,” ಎಂದು ಕೈ ಚೆಲ್ಲಿದ. “ಮದಾಮ್ ಹೇಳಿದಳು, ಕಾರು ಬೇಕಾ ನಾನು ಬೇಕಾ ಅಂತ. ಒಂದು ದಿನ ಯೋಚನೆ ಮಾಡಿದೆ.”

ಆಮೇಲೆ ನನ್ನ ಕಡೆ ತಿರುಗಿದ. ಇಲ್ಲಿ ಗುರುತಿಲ್ಲದವನೂ ಸದೀಕ್, ಅಂದರೆ ಗೆಳೆಯ.

“ಸದೀಕ್, ನಿನಗೆ ಮಕ್ಕಳು?”

“ಒಬ್ಬಳು. ಇಂಡಿಯಾದಲ್ಲಿ.”

“ಮದಾಮ್?”

“ಇಂಡಿಯಾದಲ್ಲಿ.”

“ಖಲಾಸ್,” ಅಂದ ಬದ್ರ್. “ನಿನಗೆ ಎರಡು ಬಾಗಿಲು ಸಾಕು.”

ಹೀಗೆ ಬದಲಾಯಿಸಿಕೊಳ್ಳುವ ಮಾತು ಬಂತು. ಒಂದು ಸುತ್ತು ಓಡಿಸಿ ನೋಡು ಎಂದು ಕೀ ಕೊಟ್ಟ. ಶುರು ಮಾಡಿದೆ. ಹೊಟ್ಟೆಯೊಳಗೆ ಯಾರೋ ನಗಾರಿ ಬಾರಿಸಿದ ಹಾಗಾಯಿತು. ಎರಡು ತಿಂಗಳಿಂದ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಬಿಟ್ಟು ಬೇರೆ ಸದ್ದು ಕೇಳದ ಮನುಷ್ಯ ನಾನು. ಇಷ್ಟು ದೊಡ್ಡ ದನಿಯೊಂದು ನನ್ನ ಕಾಲಿನ ಮಾತು ಕೇಳುತ್ತದೆ ಎಂದರೆ ಯಾರಿಗೆ ಬೇಡ? ಮೂರು ದಿನದಲ್ಲಿ ಮೊಬೈಲಿನಲ್ಲೇ ಗಾಡಿಗಳ ಹೆಸರು ಬದಲಾವಣೆಯೂ ಮುಗಿಯಿತು. ಬದ್ರ್ ಹೋಗುವಾಗ ಕಾರಿನ ಬಾನೆಟ್ಟಿನ ಮೇಲೆ ಕೈಯಾಡಿಸಿದ. “ಬೆಳಿಗ್ಗೆ ಎರಡು ನಿಮಿಷ ಒತ್ತಬೇಡ, ನಿಧಾನ ಎಬ್ಬಿಸು,” ಎಂದು ಹೇಳಿದ, ಹೆತ್ತ ಮಗುವನ್ನು ಬಿಟ್ಟುಹೋಗುವವನಂತೆ.

ಸಂಜೆ ವಸಂತಾಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಚೆನ್ನಾಗಿದೆ ಕಣ್ರೀ. ಬಾಗಿಲು ಎರಡೇನಾ?”

“ಎರಡೇ.”

“ಫೆಲಿಕ್ಸ್ ಅವರು ಎಲ್ಲಿ ಕೂರ್ತಾರೆ?”

“ಮುಂದೆ.”

“ಅಷ್ಟು ತಗ್ಗಲ್ಲಿ? ಅವರ ಮಂಡಿ ಕಥೆ ಏನು? ಇಸ್ಮಾಯಿಲ್ ಹಿಂದಕ್ಕೆ ಹೆಂಗೆ ನುಗ್ತಾರೆ?”

ಮೈಸೂರಿನಲ್ಲಿ ಕೂತವಳಿಗೆ ಕಂಡದ್ದು ಇಲ್ಲಿ ಕೀ ಹಿಡಿದು ನಿಂತ ನನಗೆ ಕಂಡಿರಲಿಲ್ಲ.

ಇವರಿಬ್ಬರ ವಿಷಯ ಹೇಳಬೇಕು. ಫೆಲಿಕ್ಸ್ ಉಡುಪಿ ಕಡೆಯವರು, ನಮ್ಮ ಕಂಪನಿಯ ಸ್ಟೋರ್ ಕೀಪರ್, ನನಗಿಂತ ಆರು ವರ್ಷ ದೊಡ್ಡವರು. ಇಸ್ಮಾಯಿಲ್ ಉಪ್ಪಿನಂಗಡಿಯವನು, ಲ್ಯಾಬಿನಲ್ಲಿದ್ದಾನೆ, ಆಳು ಭರ್ಜರಿ. ಇಬ್ಬರಿಗೂ ಲೈಸೆನ್ಸ್ ಇಲ್ಲ. ಕುವೈತಿನಲ್ಲಿ ಹೊರಗಿನವರಿಗೆ ಅದು ಸುಮ್ಮನೆ ಸಿಗುವುದಿಲ್ಲ. ಸಂಬಳ, ಪದವಿ, ಹುದ್ದೆ ಎಲ್ಲ ಕೂಡಿಬರಬೇಕು. ಹಾಗಾಗಿ ಲೈಸೆನ್ಸ್ ಇದ್ದವನ ಗಾಡಿಯಲ್ಲಿ ಇಲ್ಲದವರು ಕೂರುವುದು ಇಲ್ಲಿಯ ರೂಢಿ, ಪೂಲಿಂಗ್ ಎನ್ನುತ್ತಾರೆ. ಬೆಳಿಗ್ಗೆ ಐದೂವರೆಗೆ ಮೂಲೆಯ ಬಕಾಲಾ ಅಂಗಡಿಯ ಮುಂದೆ ಇಬ್ಬರೂ ನಿಂತಿರುತ್ತಿದ್ದರು. ಹನ್ನೊಂದು ವರ್ಷ. ಸಲ್ವಾ ಬಡಾವಣೆ ದಾಟುವ ತನಕ ಫೆಲಿಕ್ಸ್ ಜಪಸರ ಹಿಡಿದು ಪ್ರಾರ್ಥನೆ ಮಾಡುವರು, ನಾವಿಬ್ಬರೂ ಸುಮ್ಮನಿರಬೇಕು. ಸಲ್ವಾ ದಾಟಿದ ಮೇಲೆ ಜಪಸರ ಜೇಬಿಗೆ ಹೋಗುವುದು, “ಹೇಳಿ ಮಾರಾಯ್ರೆ, ಎಂತ ವಿಶೇಷ?” ಎನ್ನುವರು. ಅಲ್ಲಿಂದ ಶುಐಬಾದ ಗೇಟಿನವರೆಗೆ ಮಾತೇ ಮಾತು. ನನ್ನ ಮಗಳಿಗೆ ಜ್ವರ ಬಂದದ್ದು, ಇಸ್ಮಾಯಿಲ್ ತಂಗಿಯ ಮದುವೆ, ಫೆಲಿಕ್ಸರ ಮನೆಯ ಬಾವಿ ಬತ್ತಿದ್ದು, ಎಲ್ಲವೂ ಆ ರಸ್ತೆಯ ಮೇಲೇ ಆದದ್ದು.

ಕಾರು ಬದಲಾಯಿಸುವಾಗ ನಾನು ಸೀಟು ಎಣಿಸಿದೆ. ಹೆಂಡತಿ ಇಲ್ಲ, ಮಗಳು ಇಲ್ಲ, ಖಾಲಿ ಎಂದುಕೊಂಡೆ. ಗಲ್ಫಿನಲ್ಲಿರುವ ನಮ್ಮಂಥವರ ಎಣಿಕೆಯೇ ಹೀಗೆ. ವಿಮಾನ ಹತ್ತಿ ನೋಡಬೇಕಾದವರು ಮಾತ್ರ ನಮ್ಮವರು. ದಿನಾ ಮೊಣಕೈ ತಾಗುವಷ್ಟು ಹತ್ತಿರ ಕೂತವರು ‘ಪೂಲಿಂಗ್‌ನವರು’.

ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ. ಅವತ್ತು ಬೆಳಿಗ್ಗೆ ಬಕಾಲಾದ ಮುಂದೆ ನಿಲ್ಲಿಸಿದಾಗ ಫೆಲಿಕ್ಸ್ ಗಾಬರಿಯಿಂದ ಫುಟ್‌ಪಾತಿನ ಮೇಲೆ ಎರಡು ಹೆಜ್ಜೆ ಹಿಂದೆ ಸರಿದರು. ಗಾಜು ಇಳಿಸಿದೆ.

“ಅಯ್ಯೋ ದೇವರೇ, ನೀವಾ ಮಾರಾಯ್ರೆ?”

ಇಸ್ಮಾಯಿಲ್ ಸುತ್ತ ಒಂದು ಪ್ರದಕ್ಷಿಣೆ ಬಂದ. “ಸರ್, ನನ್ನ ಬಾಗಿಲು ಎಲ್ಲುಂಟು?”

ಮುಂದಿನ ಸೀಟು ಬಗ್ಗಿಸಿ, ಅವನ ತಲೆ ತಗ್ಗಿಸಿ, ಒಂದು ಕಾಲು ಮೊದಲು, ಇನ್ನೊಂದು ಆಮೇಲೆ ಒಳಗೆ ಸೇರಿಸಿದ್ದಾಯಿತು. ಒಳಗಿಂದ ದನಿ ಬಂತು. “ಇದು ಕಾರಾ ಸರ್, ಸೂಟ್‌ಕೇಸಾ? ಶುಐಬಾದಲ್ಲಿ ಜಿಪ್ ತೆಗೀಲಿಕ್ಕೆ ಮರೀಬೇಡಿ.”

ಮೂವರೂ ನಕ್ಕೆವು. ಮೊದಲ ದಿನ.

ಎರಡನೇ ವಾರ ಇಸ್ಮಾಯಿಲ್ ಕಂಪನಿ ಬಸ್ಸು ಹಿಡಿದ. “ಬಸ್ಸಲ್ಲಿ ಒಳ್ಳೆ ನಿದ್ದೆ ಬರ್ತದೆ ಸರ್,” ಎಂದ. ಆ ಬಸ್ಸಿನಲ್ಲಿ ಕೂತವರಿಗೆ ಸೊಂಟ ನೋವು ಬರುತ್ತದೆಯೇ ಹೊರತು ನಿದ್ದೆ ಬರುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಫೆಲಿಕ್ಸ್ ಇನ್ನೂ ಹತ್ತು ದಿನ ಬಂದರು. ಕೂರುವಾಗ ಬಾಗಿಲ ಮೇಲ್ಗಡೆ ಹಿಡಿದುಕೊಂಡು, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಕೆಳಗೆ ಬಿಡುತ್ತಿದ್ದರು. ಇಳಿಯುವಾಗ ಇನ್ನೂ ಕಷ್ಟ. ಒಂದು ಬೆಳಿಗ್ಗೆ ಸಲ್ವಾ ದಾಟಿತು, ಜಪಸರ ಜೇಬಿಗೆ ಹೋಯಿತು. “ಒಂದು ವಿಷಯ ಹೇಳ್ಬೇಕಿತ್ತು ಮಾರಾಯ್ರೆ,” ಎಂದರು. ಮುಂದೆ ರಸ್ತೆ ಖಾಲಿಯಿತ್ತು. ನಾನು ಬೆರಳೆತ್ತಿದೆ. “ಒಂದು ನಿಮಿಷ ಫೆಲಿಕ್ಸ್, ಈ ಸದ್ದು ಕೇಳಿ,” ಎಂದು ಆಕ್ಸಿಲರೇಟರ್ ಒತ್ತಿದೆ.

ಅವರು ಕೇಳಿದರು. “ಲಾಯ್ಕುಂಟು,” ಎಂದರು. ಆಮೇಲೆ ಏನೂ ಹೇಳಲಿಲ್ಲ. ಏನು ವಿಷಯ ಎಂದು ನಾನೂ ಕೇಳಲಿಲ್ಲ.

ಮುಂದಿನ ಭಾನುವಾರದಿಂದ ಅವರೂ ಬಸ್ಸಿಗೆ. “ಬಸ್ಸಲ್ಲಿ ಎಸಿ ತಂಪುಂಟು.” ಇಷ್ಟು ನಾಜೂಕಾಗಿ ಒಬ್ಬರನ್ನು ಬಿಟ್ಟುಹೋಗಲು ಈ ಕರಾವಳಿಯವರಿಗೆ ಯಾರು ಕಲಿಸಿದರೋ. ಸಣ್ಣತನ ಒಪ್ಪಿಕೊಳ್ಳುತ್ತೇನೆ: ಮೊದಲ ಒಂದು ದಿನ ನನಗೆ ಹಾಯೆನಿಸಿತು.

ಆಮೇಲೆ ಶುರುವಾದದ್ದು ಸಿಗ್ನಲ್ಲಿನ ಸ್ನೇಹ. ನಿಂತಲ್ಲೆಲ್ಲ ಯಾರೋ ಒಬ್ಬ ಗಾಜು ಇಳಿಸುವನು. ಯಾವ ವರ್ಷದ್ದು? ಎಷ್ಟು ಓಡುತ್ತೆ? ಮಾರುತ್ತೀಯಾ? ಪೆಟ್ರೋಲ್ ಬಂಕಿನಲ್ಲಿ ಫೋಟೋ ತೆಗೆಸಿಕೊಂಡವರಿದ್ದಾರೆ. (ಕಾರಿನ ಜೊತೆ. ನನ್ನನ್ನು ಸ್ವಲ್ಪ ಪಕ್ಕಕ್ಕೆ ನಿಲ್ಲಲು ಹೇಳಿದರು.) ಇನ್ನು ದಿನನಿತ್ಯದ ಸುಖ ಕೇಳಿ. ಈ ಕಾರಿನ ಬಾಗಿಲು ಮಾರುದ್ದ. ಮೈದಾನ್ ಹವಲ್ಲಿಯ ಪಾರ್ಕಿಂಗಿನಲ್ಲಿ ಎರಡು ಗಾಡಿಗಳ ನಡುವೆ ನಿಲ್ಲಿಸಿದರೆ ಗೇಣು ತೆರೆಯುವುದೂ ಕಷ್ಟ. ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ಜಾರಬೇಕು. ರಸ್ತೆಯ ಪ್ರತಿ ಉಬ್ಬಿಗೂ ತಳ ಕೊರ್ರೆನ್ನುತ್ತದೆ. ಬಿಸಿಲಿಗೆ ಕಾದ ಕಪ್ಪು ಸೀಟಿನ ಮೇಲೆ ಟವೆಲ್ ಹಾಸದೆ ಕೂತರೆ ದೋಸೆ. ಆದರೂ ಸಹಿಸಿಕೊಂಡೆ. ದಿನಕ್ಕೆ ನಾಲ್ಕು ಜನ ಕೈಬೀಸುತ್ತಾರಲ್ಲ, ಸಾಲದೇ?

ಸಾಲದು ಎಂದು ತಿಳಿದದ್ದು ಕ್ಯಾಂಟೀನಿನಲ್ಲಿ. ಊಟ ಬಡಿಸುವ ಬಾಂಗ್ಲಾದೇಶದವನು ಅನ್ನ ಹಾಕುತ್ತ ಕೇಳಿದ. “ಫೆಲಿಕ್ಸ್ ಭಾಯಿಗೆ ಪಾರ್ಟಿ ಯಾವಾಗ ಸಾಬ್?”

“ಯಾವ ಪಾರ್ಟಿ?”

“ಅವರು ಎಕ್ಸಿಟ್ ಹೋಗ್ತಾ ಇದ್ದಾರಲ್ಲ.”

ಎಕ್ಸಿಟ್ ಅಂದರೆ ರಜೆಯಲ್ಲ. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದು ಮಾಡಿಸಿ, ಕುವೈತ್ ಬಿಟ್ಟು ಶಾಶ್ವತವಾಗಿ ಊರಿಗೆ. ತಟ್ಟೆ ಅಲ್ಲೇ ಇಟ್ಟೆ. ಬಸ್ಸಿನಲ್ಲಿ ಬರುವ ನಲವತ್ತು ಮಂದಿಗೂ ಗೊತ್ತಿತ್ತು. ಹನ್ನೊಂದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡವನಿಗೆ ಅನ್ನ ಬಡಿಸುವವನು ಹೇಳಬೇಕಾಯಿತು.

ನೇರ ಸ್ಟೋರಿಗೆ ಹೋದೆ. ಫೆಲಿಕ್ಸ್ ಕನ್ನಡಕ ಹಣೆಗೇರಿಸಿ ಬೋಲ್ಟುಗಳನ್ನು ವಿಂಗಡಿಸುತ್ತಿದ್ದರು.

“ನನಗೆ ಯಾಕೆ ಹೇಳಲಿಲ್ಲ?”

“ಹೇಳ್ಲಿಕ್ಕೆ ಹೊರಟಿದ್ದೆ ಮಾರಾಯ್ರೆ.” ತಲೆ ಎತ್ತಲಿಲ್ಲ. “ಆ ದಿನ ನೀವು ಖುಷಿಯಲ್ಲಿದ್ರಿ. ಹಾಳು ಮಾಡುದು ಬೇಡ ಅಂತ.”

ಬೈದಿದ್ದರೆ ವಾಸಿಯಿತ್ತು.

ಮರುದಿನ ನಾನೂ ಬಸ್ಸು ಹತ್ತಿದೆ. ಅವರು ಹೊರಡಲು ಇನ್ನು ಎಂಟು ಬೆಳಗು ಉಳಿದಿದ್ದವು. ಆದರೆ ಬಸ್ಸಿನಲ್ಲಿ ಪ್ರತಿಯೊಬ್ಬರಿಗೂ ಹಿಡಿದಿಟ್ಟ ಜಾಗವಿದೆ. ಫೆಲಿಕ್ಸ್ ಪಕ್ಕ ಇಸ್ಮಾಯಿಲ್. ನನಗೆ ಸಿಕ್ಕಿದ್ದು ಐದು ಸಾಲು ಹಿಂದೆ, ಗಾಜಿಗೆ ತಲೆಯಿಟ್ಟು ಗೊರಕೆ ಹೊಡೆಯುವವನೊಬ್ಬನ ಪಕ್ಕ. ಸಲ್ವಾ ದಾಟಿತು. ಮುಂದೆ ಎರಡು ತಲೆಗಳು ಹತ್ತಿರ ಬಂದವು, ಒಂದು ಹಿಂದಕ್ಕೆ ಬಿದ್ದು ನಕ್ಕಿತು. ಏನು ಎಂದು ನನಗೆ ಕೇಳಿಸಲಿಲ್ಲ. ಎಂಟು ದಿನವೂ ಹಾಗೇ ಹೋಯಿತು.

ಎಕ್ಸಿಟ್ ಹೋಗುವವರನ್ನು ಏರ್‌ಪೋರ್ಟಿಗೆ ಬಿಡುವುದು ಜೊತೆಗೆ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಿದ್ದವನ ಹಕ್ಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಮುರಿದವರೂ ಇಲ್ಲ. ಹೋದ ಶುಕ್ರವಾರ ಬೆಳಿಗ್ಗೆ ಕಾರು ತೊಳೆದು ಅವರ ಕಟ್ಟಡದ ಮುಂದೆ ಹೋಗಿ ನಿಂತೆ. ಇಸ್ಮಾಯಿಲ್ ಆಗಲೇ ಒಂದು ವ್ಯಾನು ತರಿಸಿದ್ದ. ಎರಡು ಸೂಟ್‌ಕೇಸು, ಹಗ್ಗ ಬಿಗಿದ ಮೂರು ಪೆಟ್ಟಿಗೆ, ಒಂದು ಕಂಬಳಿಯ ಗಂಟು. ನನ್ನ ಡಿಕ್ಕಿಯಲ್ಲಿ ಹಿಡಿಯುವುದು ಕಂಬಳಿ ಮಾತ್ರ. ಸಾಮಾನು ವ್ಯಾನಿಗೇರಿತು. ವ್ಯಾನಿನ ಸೀಟು ಎತ್ತರ, ಅಗಲ, ಮಂಡಿಗೆ ಸುಖ. ನಾನು ಕೀ ಜೇಬಿಗೆ ಹಾಕಿಕೊಂಡೆ.

“ನಾನು ಇವರೊಟ್ಟಿಗೆ ಬರ್ತೇನೆ,” ಎಂದರು ಫೆಲಿಕ್ಸ್.

“ಮಂಡಿ, ಫೆಲಿಕ್ಸ್.”

“ಅದನ್ನು ಊರಲ್ಲಿ ರಿಪೇರಿ ಮಾಡಿಸುವ.”

ಬಾಗಿಲ ಮೇಲ್ಗಡೆ ಹಿಡಿದು, ಕಣ್ಣು ಮುಚ್ಚಿ, ಕೂತರು. ಎಂಜಿನ್ ದನಿ ಏಳದ ಹಾಗೆ ನಿಧಾನದವರಿಗಿರುವ ಬಲಗಡೆಯ ಲೇನಿನಲ್ಲಿ ತೆವಳಿಸಿಕೊಂಡು ಹೋದೆ. ಹಿಂದಿನವರೆಲ್ಲ ಹಾರ್ನ್ ಹೊಡೆದು ದಾಟಿದರು. ಇಂಥ ಕಾರನ್ನು ಹೀಗೆ ಓಡಿಸುವವನನ್ನು ಅವರು ನೋಡಿರಲಾರರು.

“ನನಗೊಂದು ಹೆದರಿಕೆ ಉಂಟು,” ಎಂದರು. ಈ ಸಲ ನಾನು ಬೆರಳೆತ್ತಲಿಲ್ಲ. “ಮೂವತ್ತೊಂದು ವರ್ಷ ಮದುವೆಯಾಗಿ. ವರ್ಷಕ್ಕೆ ಒಂದು ತಿಂಗಳು ರಜೆ. ಅಷ್ಟೂ ಕೂಡಿಸಿದ್ರೆ ಮೂರು ವರ್ಷ ಆಗ್ಲಿಕ್ಕಿಲ್ಲ ನಾನು ಲಿಲ್ಲಿಯೊಟ್ಟಿಗೆ ಇದ್ದದ್ದು. ಅವಳಿಗೆ ಬೆಳಿಗ್ಗೆ ಚಾ ಆಗ್ಬೇಕಾ ಕಾಫಿ ಆಗ್ಬೇಕಾ, ನನಗೆ ಗೊತ್ತಿಲ್ಲ. ನೀವು ಸಕ್ಕರೆ ಎಷ್ಟು ಹಾಕ್ತೀರಿ ಅಂತ ಗೊತ್ತುಂಟು.”

ಏರ್‌ಪೋರ್ಟಿನ ಮುಂದೆ ಅವರನ್ನು ಸೀಟಿನಿಂದ ಎಬ್ಬಿಸಲು ಎರಡೂ ಕೈ ಹಿಡಿದು ಎಳೆಯಬೇಕಾಯಿತು. ಎದ್ದು ನಿಂತ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಹಿಂದೆ ವ್ಯಾನಿನಿಂದ ಇಸ್ಮಾಯಿಲ್ ಪೆಟ್ಟಿಗೆಗಳನ್ನು ಟ್ರಾಲಿಗೆ ಹಾಕುತ್ತಿದ್ದ.

“ನಾಡಿದ್ದು ಭಾನುವಾರ, ಊರಲ್ಲಿ ಚರ್ಚಿಗೆ ಹೋಗುವ, ಅದು ಆಯ್ತು,” ಎಂದರು ಫೆಲಿಕ್ಸ್. “ಆದ್ರೆ ಸೋಮವಾರ ಐದು ಗಂಟೆಗೆ ಎಚ್ಚರ ಆಗ್ತದಲ್ಲ ಮಾರಾಯ್ರೆ, ಸ್ನಾನ ಮಾಡಿ ಶರ್ಟು ಹಾಕಿ ನಾನು ಎಲ್ಲಿ ಹೋಗಿ ನಿಲ್ಲುವುದು?”